ಕುಲದ ದೇವರು, ನಾಡಿನ ದೊರೆ

ಬುಡಕಟ್ಟಿಗೆ ಹಿರಿಯ ಸಾಕು. ರಾಜ್ಯಕ್ಕೆ ದೊರೆ ಬೇಕು. ಹಿರಿಯನ ಮಾತು ನಡೆಯುವುದು ನೆತ್ತರ ನಂಟಿನಿಂದ. ನಂಟಿಲ್ಲದವರೂ ಬಂದು ತಲೆಬಾಗಬೇಕೆಂದರೆ, ಎಲ್ಲ ಕುಲಗಳಿಗೂ ಮೇಲಾದ ಒಂದು ದೈವದ ಅಪ್ಪಣೆ ದೊರೆಯ ಬೆನ್ನಿಗಿರಬೇಕು.

*

ಯುರೋಪಿನ ಕುಲನಾಯಕರಿಗೆ ಆ ಅಪ್ಪಣೆ ಕ್ರಿಸ್ತನಿಂದ ಬಂತು. ಕ್ರಿ.ಶ. 500ರ ಆಸುಪಾಸಿನಲ್ಲಿ ಫ್ರಾಂಕರ ಕ್ಲೋವಿಸ್, 864ರ ಸುಮಾರಿಗೆ ಬಲ್ಗೇರಿಯದ ಬೋರಿಸ್, 966ರಲ್ಲಿ ಪೋಲೆಂಡಿನ ಮಿಯೆಷ್ಕೊ, 988ರಲ್ಲಿ ಕೀವ್‌ನ ವ್ಲಾದಿಮಿರ್ ದೀಕ್ಷಾಸ್ನಾನ ಪಡೆದರು. ಅದೇ ಶತಮಾನಗಳಲ್ಲಿ ಕನ್ನಡ ನಾಡಿನ ನಾಯಕರು ಜಿನನ, ಶಿವನ, ವಿಷ್ಣುವಿನ ಮುಂದೆ ಕೈಮುಗಿದು ಪಟ್ಟವೇರಿದರು. ದೈವಗಳು ಬೇರೆ, ದೊರೆಗಿದ್ದ ಅಗತ್ಯ ಒಂದೇ.

*

ಮೈಸೂರಿನ ಚಾಮರಾಜಪುರಂನಿಂದ ನಡೆದೇ ಹೋಗಬಹುದಾದ ದೂರದಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ‘ಅರ್ಥಶಾಸ್ತ್ರ’ದ ಓಲೆಗರಿಗಳ ಮನೆ ಅದು. ಆ ಗ್ರಂಥದ ಹನ್ನೊಂದನೆಯ ಅಧಿಕರಣದ ವಿಷಯವೇ ಸಂಘಗಳು: ಒಟ್ಟಾಗಿ ಆಳಿಕೊಳ್ಳುವ ಗಣಗಳೊಳಗೆ ಒಡಕು ಹುಟ್ಟಿಸುವ ಬಗೆ. ಒಗ್ಗಟ್ಟಾದ ಕುಲವನ್ನು ಕತ್ತಿಯೊಂದರಿಂದಲೇ ಗೆಲ್ಲಲಾಗದೆಂಬುದು ಅರಸುತನಕ್ಕೆ ಬಹಳ ಹಿಂದೆಯೇ ತಿಳಿದಿತ್ತು.

*

ಒಡೆಯುವುದನ್ನು ರಾಜನೀತಿ ಕಲಿಸಿತು. ಒಡೆದವರನ್ನು ಮತ್ತೆ ಒಂದು ನಾಡಾಗಿ ಕೂಡಿಸುವ ಕೆಲಸ ಧರ್ಮದ ಪಾಲಿಗೆ ಬಂತು.

*

ಹಲ್ಮಿಡಿಯ ಕಲ್ಲನ್ನು ಭಾಷೆಯ ಹೆಮ್ಮೆಗಾಗಿ ಮಾತ್ರ ನೋಡಬಾರದು. ಐದನೆಯ ಶತಮಾನದ ಆ ಶಾಸನ ವಿಷ್ಣುಸ್ತುತಿಯಿಂದ ಮೊದಲಾಗುತ್ತದೆ. ಯುದ್ಧದಲ್ಲಿ ಮೆರೆದ ವಿಜ ಅರಸನಿಗೆ ಊರುಗಳನ್ನು ಕೊಟ್ಟದ್ದನ್ನು ಹೇಳುತ್ತದೆ. ಕೆಡಿಸಿದವರಿಗೆ ಪಾಪ ತಟ್ಟಲೆಂದು ಎಚ್ಚರಿಸುತ್ತದೆ. ವೀರನ ಶೌರ್ಯ, ದೊರೆಯ ದಾನ, ದೇವರ ಭಯ: ರಾಜ್ಯವೊಂದು ಹುಟ್ಟಲು ಬೇಕಾದ ಮೂರೂ ಒಂದೇ ಕಲ್ಲಿನಲ್ಲಿವೆ.

*

ಇಂಗ್ಲೆಂಡಿನ ಕೆಂಟ್ ಸೀಮೆಗೆ 597ರಲ್ಲಿ ರೋಮಿನಿಂದ ಅಗಸ್ಟೀನ್ ಬಂದ. ಆಮೇಲೆ ಅಲ್ಲಿಯ ದೊರೆ ಎಥೆಲ್ಬರ್ಟ್ ತನ್ನ ಜನರ ಕಟ್ಟಳೆಗಳನ್ನು ಅವರ ನುಡಿಯಲ್ಲೇ ಬರೆಸಿದ. ಹಿರಿಯರ ನಾಲಗೆಯ ಮೇಲಿದ್ದ ನ್ಯಾಯ ಅಕ್ಷರಕ್ಕಿಳಿಯಿತು. ಆ ಬರಹದಲ್ಲಿ ಎಲ್ಲಕ್ಕಿಂತ ಮೊದಲು ಬಂದದ್ದು ದೇವರ ಮತ್ತು ಚರ್ಚಿನ ಆಸ್ತಿಗೆ ರಕ್ಷಣೆ.

*

ಬರೆಯಬಲ್ಲವರು ಯಾರ ಬಳಿ ಇರುತ್ತಾರೋ ನಾಳೆಯ ನೆನಪು ಅವರ ಕಡೆಗೆ ಇರುತ್ತದೆ.

*

ಗಂಗರು ನಾಲ್ಕನೆಯ ಶತಮಾನದವರು. ಜೈನಾಚಾರ್ಯ ಸಿಂಹನಂದಿಯು ದಡಿಗ, ಮಾಧವ ಎಂಬ ಅಣ್ಣತಮ್ಮಂದಿರನ್ನು ಹರಸಿ ರಾಜ್ಯ ಕಟ್ಟಿಸಿದ ಕಥೆಯನ್ನು ವಿಸ್ತಾರವಾಗಿ ಹೇಳುವುದು ಹನ್ನೆರಡನೆಯ ಶತಮಾನದ ಶಾಸನಗಳು. ರಾಜ್ಯ ಮೊದಲು ನಿಲ್ಲುತ್ತದೆ; ಅದು ಗುರುವಿನ ಕೃಪೆಯಿಂದ ಹುಟ್ಟಿತೆಂಬ ಕಥೆ ಆಮೇಲೆ ಬೆಳೆಯುತ್ತದೆ. ಕಥೆ ತಡವಾಗಿ ಬಂತೆಂದು ತಳ್ಳಿಹಾಕಬೇಡಿ. ಜನ ಯಾವುದನ್ನು ನ್ಯಾಯವಾದ ಅಧಿಕಾರ ಎಂದುಕೊಂಡಿದ್ದರೆಂಬುದನ್ನು ಅದು ಹೇಳುತ್ತದೆ.

*

ಮೂಡಿಗೆರೆಯ ಕಡೆಯ ಅಂಗಡಿಯೇ ಹಿಂದಿನ ಸೊಸೆವೂರು. ಹೊಯ್ಸಳರ ಮೂಲಕಥೆ ನಡೆಯುವುದು ಅಲ್ಲಿನ ವಾಸಂತಿಕೆಯ ಗುಡಿಯ ಬಳಿ. ಹುಲಿ ಬಂದದ್ದು ಕಾಡಿನಿಂದ, ಹೊಡೆಯೆಂಬ ಅಪ್ಪಣೆ ಬಂದದ್ದು ಜೈನಮುನಿಯಿಂದ, ಸಾಕ್ಷಿಯಾಗಿ ನಿಂತದ್ದು ಊರ ದೇವಿ. ಹಳೆಯ ದೇವಿಯನ್ನು ಬಿಡದೆ ಹೊಸ ಗುರುವನ್ನು ಪಡೆದವನು ಆ ಕಥೆಯ ನಾಯಕ ಸಳ.

*

ಬಯಲುಸೀಮೆಯ ದೋರಸಮುದ್ರದಿಂದ ಆಳುವಾಗಲೂ ಹೊಯ್ಸಳರು ‘ಮಲೆಪರೊಳ್ಗಂಡ’ ಎಂಬ ಬಿರುದನ್ನು ಉಳಿಸಿಕೊಂಡರು. ಮಲೆಯ ನಾಯಕರಲ್ಲಿ ತಾವೇ ಗಂಡರೆನ್ನಿಸಿಕೊಂಡದ್ದು ಅವರ ಮೊದಲ ಗೆಲುವು. ದೊಡ್ಡ ರಾಜ್ಯಗಳು ತಮ್ಮ ಬಿರುದುಗಳಲ್ಲಿ ತಮ್ಮ ಬಾಲ್ಯವನ್ನು ಕಾಪಿಟ್ಟುಕೊಂಡಿರುತ್ತವೆ.

*

ಎಲ್ಲರೂ ಕಾಡಿನಿಂದ ಅರಮನೆಗೆ ಬಂದವರಲ್ಲ. ತಾಳಗುಂದದ ಕಂಬದ ಶಾಸನದ ಕದಂಬ ದೊರೆ ಮಯೂರಶರ್ಮ ಓದಲೆಂದು ಕಂಚಿಯ ಘಟಿಕೆಗೆ ಹೋದ. ಪಲ್ಲವರ ರಾವುತನೊಡನೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಆಯುಧ ಹಿಡಿದ. ಶ್ರೀಪರ್ವತದ ಕಾಡು ಹೊಕ್ಕು ಬೃಹದ್ಬಾಣರಿಂದ ಕಪ್ಪ ಕೊಂಡ. ವೇದ ಬಲ್ಲವನಿಗೂ ಅರಸನಾಗಲು ಕಾಡಿನ ಬಲ ಬೇಕಾಯಿತು.

*

ಕ್ಲೋವಿಸ್‌ಗೆ ಕ್ಲೊಟಿಲ್ಡ, ಎಥೆಲ್ಬರ್ಟ್‌ಗೆ ಬರ್ತಾ, ಮಿಯೆಷ್ಕೊಗೆ ದೊಬ್ರಾವಾ: ಹೊಸ ಧರ್ಮ ಆ ಅರಮನೆಗಳ ಹೊಸ್ತಿಲು ದಾಟಿದ್ದು ರಾಣಿಯರ ಜೊತೆಗೆ. ಚರಿತ್ರೆ ದೊರೆಯ ದೀಕ್ಷೆಯ ದಿನವನ್ನು ಬರೆದಿಡುತ್ತದೆ. ಅದಕ್ಕೂ ಮುಂಚೆ ವರ್ಷಗಟ್ಟಲೆ ಒಬ್ಬಳೇ ಪ್ರಾರ್ಥಿಸಿದ ಹೆಂಗಸಿನ ದಿನಗಳಿಗೆ ತಾರೀಖಿಲ್ಲ.

*

ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ರಾಣಿ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ದೊರೆ ವಿಷ್ಣುವಿನ ಕಡೆ, ರಾಣಿ ಜಿನನ ಕಡೆ, ಪಟ್ಟ ಒಡೆಯಲಿಲ್ಲ. ಕನ್ನಡ ನಾಡು ಜಗತ್ತಿಗೆ ತೋರಿಸಬಹುದಾದ ಸಂಸಾರಗಳಲ್ಲಿ ಇದೊಂದು.

*

ದೊರೆ ನಂಬಿದ್ದನ್ನೇ ಪ್ರಜೆಗಳೂ ನಂಬಬೇಕೆಂಬುದು ಯುರೋಪಿನ ಹಲವು ರಾಜ್ಯಗಳ ಕಟ್ಟಳೆಯಾಯಿತು. ನಮ್ಮಲ್ಲಿ ದೊರೆ ನಂಬಿದ ದೇವರಿಗೆ ಹೆಚ್ಚು ಭೂಮಿ ಸಿಕ್ಕಿತು. ಎರಡನೆಯದು ಮೃದುವಾದ ದಾರಿ ನಿಜ. ಆದರೆ ಭೂಮಿ ಹೋದವನಿಗೆ ಅದೂ ಗಡುಸೇ.

*

ಸ್ಯಾಕ್ಸನ್ ಕುಲಗಳನ್ನು ಕ್ರೈಸ್ತರಾಗಿಸಲು ಶಾರ್ಲಮೇನ್ ಮೂವತ್ತು ವರ್ಷ ಕಾದಾಡಿದ. 782ರಲ್ಲಿ ವೆರ್ಡೆನ್‌ನಲ್ಲಿ 4,500 ಮಂದಿಯ ತಲೆ ಕಡಿಸಿದನೆಂದು ಅವನ ಆಸ್ಥಾನದ ವಾರ್ಷಿಕ ದಾಖಲೆಯೇ ಹೇಳುತ್ತದೆ. ದೀಕ್ಷಾಸ್ನಾನ ಒಲ್ಲೆನೆಂದವರಿಗೆ ಮರಣದಂಡನೆಯ ಕಾನೂನು ಬಂತು. ನಂಬಿಕೆ ಒಳಗಿನಿಂದ ಬರಬೇಕು, ಹೊಸಬರ ಮೇಲೆ ದಶಾಂಶದ ತೆರಿಗೆ ಹೇರಬೇಡಿ ಎಂದು ಬರೆದವನು ಅದೇ ಆಸ್ಥಾನದ ಪಂಡಿತ ಆಲ್ಕ್ವಿನ್. ದೊರೆಯ ಪಕ್ಕದಲ್ಲಿದ್ದೂ ಹೀಗೆ ಬರೆದವನನ್ನು ನಾವು ಮರೆಯಬಾರದು.

*

601ರಲ್ಲಿ ಪೋಪ್ ಗ್ರೆಗರಿ ಇಂಗ್ಲೆಂಡಿಗೆ ಹೊರಟವರಿಗೆ ಓಲೆ ಕಳಿಸಿದ: ಗುಡಿಗಳನ್ನು ಕೆಡವಬೇಡಿ, ವಿಗ್ರಹ ತೆಗೆದು, ತೀರ್ಥ ಚಿಮುಕಿಸಿ, ಅಲ್ಲೇ ಆರಾಧನೆ ನಡೆಸಿ, ಜನ ಎತ್ತು ಕಡಿದು ಹಬ್ಬ ಮಾಡುವುದನ್ನೂ ನಿಲ್ಲಿಸಬೇಡಿ. ಜನರ ಕಾಲು ಅಭ್ಯಾಸವಿದ್ದ ಜಾಗಕ್ಕೇ ಹೋಗುತ್ತದೆಂದು ಅವನಿಗೆ ಗೊತ್ತಿತ್ತು.

*

ಮೈಸೂರು ಸೀಮೆಯಲ್ಲಿ ದೇವರುಗಳ ನಡುವೆ ನಂಟು ಬೆಳೆಯಿತು. ಬೆಟ್ಟದ ಚಾಮುಂಡಿಗೆ ಉತ್ತನಹಳ್ಳಿಯ ಮಾರಮ್ಮ ತಂಗಿಯಾದಳು. ಬಿಳಿಗಿರಿಯ ರಂಗಪ್ಪ ಸೋಲಿಗ ಬುಡಕಟ್ಟಿನ ಹುಡುಗಿ ಕುಸುಮಾಲೆಯನ್ನು ಮದುವೆಯಾಗಿ ಸೋಲಿಗರಿಗೆ ಭಾವನಾದ. ದೇವರನ್ನು ಭಾವ ಎಂದು ಕರೆಯುವ ಸಲಿಗೆ ಯಾವ ದೊರೆಯೂ ಕೊಟ್ಟದ್ದಲ್ಲ. ಅದನ್ನು ಸೋಲಿಗರೇ ಹಾಡಿ ಗಳಿಸಿದರು.

*

ನಂಟು ಒಪ್ಪಿಕೊಂಡ ಗುಡಿ ಸಮಾನತೆಯನ್ನು ಒಪ್ಪಲಿಲ್ಲ. ಮೇಲುಕೋಟೆಯಲ್ಲಿ ರಾಮಾನುಜರ ಕಾಲದಿಂದ, ಅಸ್ಪೃಶ್ಯರೆನಿಸಿದ್ದ ತಿರುಕುಲದವರಿಗೆ ವರ್ಷದಲ್ಲಿ ಮೂರು ದಿನ ಗುಡಿಯೊಳಗೆ ಪ್ರವೇಶವಿತ್ತೆಂದು ಸಂಪ್ರದಾಯ ನೆನೆಯುತ್ತದೆ. ಆ ಮೂರು ದಿನಗಳಿಗೆ ಕೈಮುಗಿಯೋಣ. ಉಳಿದ ದಿನಗಳಿಗೆ ಉತ್ತರವನ್ನೂ ಕೇಳೋಣ.

*

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಎಷ್ಟೋ ಸಲ ತುರುಗಾಳಗ. ನಡುವೆ ಸತ್ತವನನ್ನು ಕೊಂಡೊಯ್ಯುವ ಅಪ್ಸರೆಯರು. ಮೇಲೆ ಲಿಂಗ, ಪೂಜಾರಿ. ಕೆಲವು ಕಲ್ಲುಗಳಲ್ಲಿ ಜಿನ. ದನ ಕಾಯಲು ಸತ್ತ ಊರ ಹುಡುಗನಿಗೆ ಹೊಸ ಧರ್ಮ ಕೈಲಾಸದಲ್ಲಿ ಜಾಗ ಕೊಟ್ಟಿತು. ಬುಡಕಟ್ಟು ರಾಜ್ಯವಾದ ಕಥೆ ಮೂರು ಪಟ್ಟಿಕೆಗಳಲ್ಲಿ ಹಳ್ಳಿ ಹಳ್ಳಿಯ ಬಯಲಲ್ಲಿ ನಿಂತಿದೆ.

*

ಮಂಡ್ಯ ಸೀಮೆಯ ಆತಕೂರು, ಸುಮಾರು 950. ಮೆಚ್ಚಿದ ದೊರೆ ಬೇಕಾದ್ದು ಬೇಡೆಂದಾಗ ಮಣಲೇರನೆಂಬ ವೀರ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿದ. ಕಾಳಿ ಹಂದಿಯೊಡನೆ ಕಾದಿ ಎರಡೂ ಸತ್ತವು. ಅದರ ಹೆಸರಿನಲ್ಲಿ ಈಶ್ವರನ ಗುಡಿಯ ಮುಂದೆ ಕಲ್ಲು ನಿಂತಿತು, ಭೂಮಿ ಬಿಟ್ಟರು, ಗುಡಿಯ ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಬರೆದರು. ಬೇಟೆಗಾರರ ಮಮತೆಯನ್ನು ಕಳೆಯದೆ ತನ್ನೊಳಗೆ ತಂದುಕೊಂಡ ಧರ್ಮ ದೊಡ್ಡದು.

*

ಹಂಗೆರಿಯ ಸ್ಟೀಫನ್ ದೊರೆ ಹತ್ತು ಹಳ್ಳಿಗಳು ಸೇರಿ ಒಂದು ಚರ್ಚು ಕಟ್ಟಬೇಕೆಂದು ವಿಧಿಸಿದ. ಇಲ್ಲಿ ಅಗ್ರಹಾರ, ಬಸದಿ, ಮಠಗಳಿಗೆ ಊರುಗಳನ್ನೇ ಬಿಟ್ಟುಕೊಟ್ಟರು. ನಾಯಕ ಸತ್ತರೆ ಅವನ ಕೂಟ ಚದುರಬಹುದು. ಭೂಮಿ ಇರುವ ಸಂಸ್ಥೆ ಚದುರುವುದಿಲ್ಲ. ಕುಲದ ನಾಯಕತ್ವ ತಲೆಮಾರು ದಾಟಿದ್ದು ಹೀಗೆ.

*

ಕಲ್ಲಿನ ಮೇಲೆ ‘ಸರ್ವಬಾಧಾಪರಿಹಾರ’ವಾಗಿ, ಎಂದರೆ ಎಲ್ಲ ತೆರಿಗೆಗಳಿಂದ ಬಿಡಿಸಿ, ಕೊಟ್ಟ ಭೂಮಿಯಲ್ಲಿ ಅದಕ್ಕೂ ಮುಂಚೆ ಯಾರೋ ಗೆಣಸು ಅಗೆದಿದ್ದರು, ಜೇನು ಇಳಿಸಿದ್ದರು, ದನ ಮೇಯಿಸಿದ್ದರು. ದಾನ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ. ಆ ಮೂರನೆಯವರನ್ನು ಶಾಸನ ಓದುವವನು ತಾನೇ ನೆನೆಯಬೇಕು.

*

ದೀಕ್ಷೆ ಪಡೆದ ಬೋರಿಸ್ ಪೋಪ್ ನಿಕೊಲಸ್‌ಗೆ ಪ್ರಶ್ನೆಗಳ ದೊಡ್ಡ ಪಟ್ಟಿ ಕಳಿಸಿದ. 866ರಲ್ಲಿ 106 ಉತ್ತರಗಳು ಬಂದವು. ಷರಾಯಿ ತೊಡುವುದರಿಂದ ಹಿಡಿದು ಕುದುರೆಯ ಬಾಲವನ್ನು ಬಾವುಟ ಮಾಡುವವರೆಗಿನ ಸಂಗತಿಗಳು ಅವುಗಳಲ್ಲಿದ್ದವು. ದೇವರು ಒಂದು ದಿನದಲ್ಲಿ ಬದಲಾಗಬಹುದು. ಊಟ, ಉಡುಗೆ, ಹಬ್ಬ ಬದಲಾಗಲು ತಲೆಮಾರುಗಳು ಬೇಕು.

*

ಐಸ್‌ಲ್ಯಾಂಡಿನಲ್ಲಿ ದೊರೆ ಇರಲಿಲ್ಲ. 1000ದ ಸುಮಾರಿಗೆ ಜನಸಭೆ ಎರಡು ಪಾಲಾಗಿ ಕತ್ತಿ ಎಳೆಯುವ ಹೊತ್ತು ಬಂದಾಗ, ಹಳೆಯ ಧರ್ಮದವನೇ ಆದ ಥೋರ್ಗೈರ್‌ಗೆ ತೀರ್ಪು ಒಪ್ಪಿಸಿದರು. ಅವನು ಕ್ರೈಸ್ತ ಧರ್ಮವೇ ಎಲ್ಲರ ಕಾನೂನಾಗಲಿ ಎಂದ. ಮನೆಯೊಳಗೆ ಗುಟ್ಟಾಗಿ ಹಳೆಯ ಪೂಜೆ ನಡೆಯಲು ಕೆಲಕಾಲ ಅಡ್ಡಿಯಿರಲಿಲ್ಲ. ತನ್ನ ದೇವರನ್ನು ಬಿಟ್ಟು ತನ್ನವರ ಜೀವ ಉಳಿಸಿದ ಆ ನ್ಯಾಯಗಾರ ನನಗೆ ಹಲವು ವಿಜೇತರಿಗಿಂತ ದೊಡ್ಡವನಾಗಿ ಕಾಣುತ್ತಾನೆ.

*

ಕುಲ ರಾಜ್ಯವಾಗುವುದನ್ನು ಮೆಟ್ಟಿಲು ಹತ್ತುವುದೆಂದು ಪಠ್ಯಪುಸ್ತಕಗಳು ಬರೆಯುತ್ತವೆ. ಹತ್ತಿದವರಿಗೆ ಕೆರೆ, ಕಾನೂನು, ಕಾವ್ಯ, ಗೊಮ್ಮಟ ಸಿಕ್ಕವು. ಹತ್ತದೆ ಉಳಿದವರಿಗೆ ಕಾಡು ಕಿರಿದಾಯಿತು. ಎರಡನ್ನೂ ಒಂದೇ ಪುಟದಲ್ಲಿ ಬರೆದಾಗಲೇ ಅದು ಚರಿತ್ರೆ.

*

ಮೈಸೂರಿನ ಸುತ್ತಲಿನ ಹಳ್ಳಿಗಳಿಗೆ ಹೋದಾಗ ಗುಡಿಯ ಗೋಪುರ ನೋಡಿದ ಮೇಲೆ ಊರ ಹೊರಗಿನ ವೀರಗಲ್ಲನ್ನೂ ನೋಡಿ. ಬಟ್ಟೆ ಒಗೆಯುವ ಕಲ್ಲಾಗಿಯೋ ಚರಂಡಿಯ ಚಪ್ಪಡಿಯಾಗಿಯೋ ಬಿದ್ದಿದ್ದರೆ ಊರ ಹಿರಿಯರಿಗೆ ಹೇಳಿ ಎತ್ತಿ ನಿಲ್ಲಿಸಿ. ಓದಲು ಬಾರದಿದ್ದರೂ ಉಳಿಸಲು ಬರುತ್ತದೆ.

*

ರಂಗಪ್ಪನನ್ನು ಭಾವ ಎನ್ನುವ ಸೋಲಿಗರಿಗೆ 2011ರಲ್ಲಿ ಬಿಳಿಗಿರಿಯ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಕದಂಬ, ಗಂಗ, ಹೊಯ್ಸಳ, ಒಡೆಯರ ಕಾಲಗಳೆಲ್ಲ ಕಳೆದ ಮೇಲೆ, ಅವರ ಕಾಡಿನ ಮೇಲೆ ಅವರ ಹೆಸರಿನ ಹಕ್ಕುಪತ್ರ ಬಂತು. ಅದನ್ನು ಕಾಗದದಲ್ಲಿ ಮಾತ್ರ ಉಳಿಯಗೊಡದಿರುವುದು ನಮ್ಮ ಕಾಲದ ರಾಜ್ಯದ ಧರ್ಮ.