ಮನೆಯಲ್ಲಿ ಕಳೆದುಹೋದ ಪಾವಲಿ
(ಲೂಕ 15: 8–10)



ಹತ್ತು ಪಾವಲಿಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸಿನ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಅದರಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಕುರಿಯು ಅಡವಿಯಲ್ಲಿ ತಪ್ಪಿಹೋಯಿತು. ಕಿರಿಯ ಮಗನು ದೂರದೇಶಕ್ಕೆ ಹೊರಟುಹೋದನು. ಪಾವಲಿಯಾದರೋ ಮನೆಯೊಳಗೇ ಕಳೆದುಹೋಯಿತು. ಅದನ್ನು ಕಳ್ಳನು ಒಯ್ದಿರಲಿಲ್ಲ. ಕತ್ತಲೆಯೂ ಕಸವೂ ಅದನ್ನು ಮರೆಮಾಡಿದ್ದವು.

ನಮ್ಮ ಹಳ್ಳಿಗಳ ಹಾಡುಗಳೂ ಇದೇ ರೀತಿಯಾಗಿ ಕಳೆದುಹೋಗಿವೆ. ಸಂತೆಬಾಚಹಳ್ಳಿಯಂಥ ರಾಗಿಯ ಸೀಮೆಯ ಊರುಗಳಲ್ಲಿ ಹೆಂಗಸರು ಕೋಳಿ ಕೂಗುವ ಹೊತ್ತಿಗೆ ಎದ್ದು, ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದರು. ಕಲ್ಲಿನ ಸುತ್ತೇ ಹಾಡಿಗೆ ತಾಳವಾಗಿತ್ತು. ಕುಟ್ಟುವುದಕ್ಕೆ ಒಂದು ಹಾಡು, ನಾಟಿಗೆ ಒಂದು, ತೊಟ್ಟಿಲಿಗೆ ಒಂದು, ಮದುವೆಯ ಹಸೆಗೆ ಸೋಬಾನೆ. ಹಿಟ್ಟಿನ ಗಿರಣಿ ಬಂದ ಮೇಲೆ ಅವರ ತೋಳುಗಳಿಗೆ ವಿಶ್ರಾಂತಿ ದೊರೆಯಿತು. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಕಲ್ಲು ಮೂಲೆ ಸೇರಿದಾಗ ಅದರ ಹಾಡೂ ಮೂಲೆ ಸೇರಿತು. ಹಾಡಬೇಡವೆಂದು ಯಾರೂ ಹೇಳಲಿಲ್ಲ. ಹಾಡುವ ಹೊತ್ತೇ ಇಲ್ಲದೆ ಹೋಯಿತು.

ಓದುಬರಹವಿಲ್ಲದ ಹೆಂಗಸರ ಪದಗಳಿಗೆ ಬೆಲೆಯೇನು ಎನ್ನುವಿರೋ? ನೆರೆಯ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್. ಎಲ್. ನಾಗೇಗೌಡರು ಸರಕಾರದ ದೊಡ್ಡ ಅಧಿಕಾರಿಗಳಾಗಿದ್ದರು. ಆದರೂ ಹಳ್ಳಿಯ ಹಾಡುಗಾರರಿಗೆ ಕಿವಿಗೊಟ್ಟು, ಅವರ ಪದಗಳನ್ನು ಕೂಡಿಸಿ ಪುಸ್ತಕಗಳಾಗಿ ಪ್ರಕಟಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. 1994ರಲ್ಲಿ ರಾಮನಗರದ ಬಳಿಯಲ್ಲಿ ಜಾನಪದ ಲೋಕವನ್ನು ತೆರೆದರು. 2005ರಲ್ಲಿ ಅವರು ತೀರಿಹೋದರೂ ಅವರು ಕೂಡಿಸಿದ ಪದಗಳು ಉಳಿದಿವೆ.

ಆದರೆ ಕೆಲವರು, ಇವು ನಾವು ಬಿಟ್ಟುಬಂದ ಮತದ ಹಾಡುಗಳಲ್ಲವೇ, ವಿಶ್ವಾಸಿಗಳಿಗೆ ಇವುಗಳ ಗೊಡವೆಯೇಕೆ ಎಂದು ಕೇಳಬಹುದು. ಅಂಥವರು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಪಾದ್ರಿಗಳನ್ನು ನೆನಸಲಿ. ಹರಿದಾಸರ ವಿಶ್ವಾಸವು ಅವರದಾಗಿರಲಿಲ್ಲ. ಆದರೂ ದಾಸರ ಪದಗಳನ್ನು ಕೂಡಿಸಿ 1850ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಕಿಟ್ಟೆಲ್ ಪಾದ್ರಿಗಳು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿಯೇ ಕಟ್ಟಿ ‘ಕಥಾಮಾಲೆ’ಯನ್ನು ರಚಿಸಿದರು. ಆರಾಧನೆಯಲ್ಲಿ ಯಾವುದನ್ನು ಹಾಡಬೇಕೆಂಬುದು ಒಂದು ಪ್ರಶ್ನೆ. ಅಜ್ಜಿಯ ನೆನಪನ್ನು ಉಳಿಸಬೇಕೋ ಎಂಬುದು ಬೇರೊಂದು ಪ್ರಶ್ನೆ. ಮೊದಲನೆಯದನ್ನು ಸಭೆಯು ವಿವೇಚಿಸಲಿ. ಎರಡನೆಯದಕ್ಕೆ ತಂದೆತಾಯಿಗಳನ್ನು ಸನ್ಮಾನಿಸೆಂಬ ಆಜ್ಞೆಯೇ ಉತ್ತರ. ಬೀಸುವ ಪದಗಳಲ್ಲಿ ಎಷ್ಟೋ ಪದಗಳು ತವರಿನ ಹಂಬಲವನ್ನೂ ಅಣ್ಣನ ಬರವನ್ನೂ ಮನೆತುಂಬಿದ ರಾಗಿಯ ಸಂತೋಷವನ್ನೂ ಹೇಳುತ್ತವೆ. ಇವುಗಳನ್ನು ಕೇಳಿ ನಾಚಬೇಕಾದದ್ದೇನು?

ಸಭೆಯು ತನ್ನ ಸ್ವಂತ ಹಾಡನ್ನೂ ಮರೆತದ್ದುಂಟು. ಜರ್ಮನಿಯ ಬಾಖನು ಮತ್ತಾಯನ ಸುವಾರ್ತೆಯಂತೆ ಕ್ರಿಸ್ತನ ಶ್ರಮೆಗೆ ಕಟ್ಟಿದ ಮಹಾಸಂಗೀತವು, ಅವನು 1750ರಲ್ಲಿ ತೀರಿಹೋದ ತರುವಾಯ ಬಹುಮಟ್ಟಿಗೆ ಮರೆವಿಗೆ ಬಿದ್ದಿತ್ತು. ಮೆಂಡೆಲ್ಸನ್ ಎಂಬ ಹುಡುಗನಿಗೆ ಅದರ ಪ್ರತಿಯೊಂದನ್ನು ಕೊಟ್ಟವಳು ಅವನ ಅಜ್ಜಿ. ಅವನು ಇಪ್ಪತ್ತು ವರುಷದವನಾಗಿದ್ದಾಗ, 1829ರಲ್ಲಿ, ಬರ್ಲಿನ್ನಿನಲ್ಲಿ ಅದನ್ನು ಹಾಡಿಸಿದನು. ಅಂದಿನಿಂದ ಲೋಕವು ಅದನ್ನು ತಿರಿಗಿ ಮರೆಯಲಿಲ್ಲ.

ಹೀಗಿರಲಾಗಿ, ನಮ್ಮ ಮನೆಯಲ್ಲಿಯೂ ದೀಪ ಹಚ್ಚೋಣ. ಮನೆಯ ಹಿರಿಯಳ ಬಳಿಯಲ್ಲಿ ಕೂತುಕೊಳ್ಳಿರಿ. ಹಾಡು ಎಂದು ಅವಸರಪಡಿಸಬೇಡಿರಿ. ಕೈಗೆ ಒಂದು ಮೊರವನ್ನಾದರೂ ಕೊಡಿರಿ, ಕೈ ಆಡಿದರೆ ಪದವು ನೆನಪಿಗೆ ಬಂದೀತು. ಅವಳು ಹೇಳಿದ ಮಾತನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಿರಿ. ಅವಳ ಹೆಸರನ್ನೂ ತವರೂರನ್ನೂ ಯಾವ ಕೆಲಸದ ಹಾಡೆಂಬುದನ್ನೂ ಸೇರಿಸಿರಿ. ಬರಹವು ಮಾತನ್ನು ಹಿಡಿದೀತು, ಧಾಟಿಯನ್ನು ಹಿಡಿಯದು; ಆದದರಿಂದ ಅವಳ ಅಪ್ಪಣೆ ಪಡೆದು ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದಿಡಿರಿ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಮಗುವಾದರೂ ಅದನ್ನು ಕಲಿಯಲಿ.

ಆ ಹೆಂಗಸು ಸಿಕ್ಕಿದ ಪಾವಲಿಯನ್ನು ಸೆರಗಿನಲ್ಲಿ ಗಂಟುಹಾಕಿ ಸುಮ್ಮನಿರಲಿಲ್ಲ. ನೆರೆಹೊರೆಯವರನ್ನು ಕರೆದು ಅವರೊಂದಿಗೆ ಸಂತೋಷಪಟ್ಟಳು. ನೀವೂ ಹಾಗೆಯೇ ಮಾಡಿರಿ. ಆದರೆ ತಡಮಾಡಬೇಡಿರಿ. ಪಾವಲಿಯು ಕಸದೊಳಗೆ ಎಷ್ಟು ಕಾಲವಾದರೂ ಬಿದ್ದಿರುವದು. ಅಜ್ಜಿಯ ಉಸಿರು ಹಾಗೆ ಕಾದಿರದು. ದೀಪವನ್ನು ಈ ಸಾಯಂಕಾಲವೇ ಹಚ್ಚಿರಿ.