ಸಿಂಗಳೀಕಕ್ಕೆ ಬಾಳೆಹಣ್ಣು ಕೊಟ್ಟರೆ ಪುಣ್ಯವೇ?

ಕೊಲ್ಲೂರಿಗೆ ಹೋದವರಲ್ಲಿ ಕೆಲವರು ದರ್ಶನ ಮುಗಿಸಿ ಅರಿಸಿನಗುಂಡಿ ಜಲಪಾತಕ್ಕೂ ಹೋಗುವುದುಂಟು. ಬಿಸಿಲಿಗೆ ನೀರು ಅರಿಸಿನದಂತೆ ಹೊಳೆಯುವುದರಿಂದ ಆ ಹೆಸರು ಎನ್ನುತ್ತಾರೆ. ಅದು 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದ ಒಳಗಿದೆ. ಅರಣ್ಯ ಇಲಾಖೆಯ ಅನುಮತಿ ಪಡೆದು ನಡೆದೇ ಹೋಗಬೇಕು. ಉಂಬಳದ ಕಾಟ ಬೇರೆ!

ಕೆಲವು ವರ್ಷಗಳ ಹಿಂದೆ ನಾವೂ ಹೋಗಿದ್ದೆವು. ಅಕ್ಕ ಪ್ರಸಾದದ ಬಾಳೆಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ದಾರಿಯಲ್ಲಿ ಮರದ ಮೇಲೆ ಸಿಂಗಳೀಕ ಕಂಡಿತು. ಕೊಡಲು ಹೋದಾಗ ಕಾವಲುಗಾರ "ಬೇಡ ಅಮ್ಮಾ" ಎಂದು ತಡೆದ. "ಹಸಿದ ಪ್ರಾಣಿಗೆ ಕೊಡಬಾರದು ಅನ್ನೋದು ಯಾವ ಶಾಸ್ತ್ರ ಮಾರಾಯಾ?" ಅಂತ ನಾನೇ ಜೋರು ಮಾಡಿದೆ. ಅವನು ಹೇಳಿದ್ದು ಇಷ್ಟೇ: "ಹಸಿದಿದೆ ಅಂತ ನಿಮಗೆ ಯಾರು ಹೇಳಿದ್ರು ಸ್ವಾಮಿ?"

ನನ್ನಲ್ಲಿ ಉತ್ತರ ಇರಲಿಲ್ಲ. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇಲ್ಲ. ಮರದ ಮೇಲೇ ಅದರ ಸಂಸಾರ. ಕಾಡುಹಣ್ಣು, ಹುಳಹುಪ್ಪಟೆ ಆಹಾರ. ನಮ್ಮ ಹಣ್ಣಿನ ರುಚಿ ಹತ್ತಿದರೆ ನೆಲಕ್ಕಿಳಿಯುತ್ತದೆ, ರಸ್ತೆಗೆ ಬರುತ್ತದೆ, ಗಾಡಿಗೆ ಸಿಗುತ್ತದೆ. ಹಾಗಾದರೆ ನಾವು ಕೊಡುವುದು ದಾನವೇ? ದಾನ ಅಂದಮೇಲೆ ತಗೊಳ್ಳುವವರಿಗೆ ಅದು ಬೇಕಿರಬೇಕು. ನಾವಾದರೋ ಅದು ಕೈ ಚಾಚುವುದನ್ನು ನೋಡುವ ಆಸೆಗೆ ಕೊಡುತ್ತೇವೆ. ಅಕ್ಕನ ಮನಸ್ಸಿನಲ್ಲಿ ಕಪಟವಿರಲಿಲ್ಲ, ನಿಜ. ಆದರೆ ಚಕ್ರದಡಿ ಸಿಕ್ಕ ಮರಿಗೆ ನಮ್ಮ ಮನಸ್ಸು ಶುದ್ಧವಾಗಿತ್ತು ಎಂದರೆ ಏನು ಬಂತು?

ಅಕ್ಕ ವಾದ ಮಾಡಲಿಲ್ಲ. ಜಲಪಾತದ ಬಳಿ ಬಂಡೆ ಮೇಲೆ ಕೂತು ಎಲ್ಲರಿಗೂ ಹಣ್ಣು ಹಂಚಿದಳು, ಕಾವಲುಗಾರನಿಗೂ ಒಂದು. ಸಿಪ್ಪೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು.