ತಾತನ ಟ್ರಂಕಿನ ನೋಟು

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ಹಳೆಯ ಮನೆಗಳಲ್ಲಿ ಆಸ್ತಿ ಪಾಲಾಗುವಾಗ ಟ್ರಂಕಿನ ತಳದಲ್ಲಿ, ಜಮೀನು ಪತ್ರಗಳ ಮಡಿಕೆಯಲ್ಲಿ ನಾಲ್ಕಾರು ಹಳೆಯ ನೋಟುಗಳು ಸಿಗುವುದುಂಟು. ಸಿಕ್ಕ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: "ಇದಕ್ಕೆ ಎಷ್ಟು ಬರುತ್ತೆ?" ಮೊಬೈಲಿನಲ್ಲಿ ಉತ್ತರವೂ ಸಿದ್ಧವಾಗಿರುತ್ತದೆ. ನೋಟಿನ ಕ್ರಮಸಂಖ್ಯೆಯಲ್ಲಿ 786 ಇದ್ದರೆ ಲಕ್ಷಗಟ್ಟಲೆ; ಮೊದಲು ನೋಂದಣಿ ಶುಲ್ಕ ಕಳಿಸಿ! ಹಳೆಯ ನೋಟು ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಬೆಲೆ ಕೇಳುವ ಮೊದಲು ನೋಟನ್ನು ಓದಬೇಕು. ರಿಸರ್ವ್ ಬ್ಯಾಂಕಿನ ಹೆಸರೂ ಆರನೇ ಜಾರ್ಜ್ ದೊರೆಯ ಚಿತ್ರವೂ ಇದ್ದರೆ ಅದು 1938ರಿಂದ ಈಚಿನದು. ಅಶೋಕಸ್ತಂಭದ ಒಂದು ರೂಪಾಯಿ ನೋಟು ಮೊದಲು ಬಂದದ್ದು 1949ರಲ್ಲಿ; ಆಗ ಗವರ್ನರ್ ಜನರಲ್ ಆಗಿದ್ದವರು ಹೊಸೂರು ಪಕ್ಕದ ತೊರಪಳ್ಳಿಯ ರಾಜಾಜಿ. ಸಹಿಯನ್ನಂತೂ ಬಿಡದೆ ನೋಡಬೇಕು. ಕುಳಿತ ಗಾಂಧೀಜಿಯ ಚಿತ್ರವಿರುವ ನೋಟುಗಳು ಅವರ ಜನ್ಮಶತಾಬ್ದಿಯ ನೆನಪಿಗೆ 1969ರಲ್ಲಿ ಬಂದವು. ಅವುಗಳಲ್ಲಿ ಎಲ್.ಕೆ. ಝಾ ಸಹಿಯವು ಸಾಕಷ್ಟು ಸಿಗುತ್ತವೆ. 1970ರಲ್ಲಿ ಕೇವಲ ಆರು ವಾರ ಗವರ್ನರ್ ಆಗಿದ್ದ ಬಿ.ಎನ್. ಆದರ್ಕರ್ ಸಹಿಯವು ಅಪರೂಪ. ಚಿತ್ರ ಅದೇ, ಮುಖಬೆಲೆ ಅದೇ, ಸಂಗ್ರಾಹಕರು ಕೊಡುವ ಬೆಲೆ ಮಾತ್ರ ಬೇರೆ.

ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಷ್ಟು ಉಳಿದಿವೆ, ಹೇಗೆ ಉಳಿದಿವೆ ಎಂಬುದೇ ಲೆಕ್ಕ. ಮಡಿಕೆ, ಪಿನ್ನಿನ ತೂತು, ಎಣ್ಣೆಯ ಕಲೆ ಬೆಲೆಯನ್ನು ಇಳಿಸುತ್ತವೆ. ಅವನ್ನು ಸರಿಮಾಡಲು ಹೋಗಿ ಇಸ್ತ್ರಿ ಮಾಡಿದರೆ, ಟೇಪ್ ಅಂಟಿಸಿದರೆ, ಲ್ಯಾಮಿನೇಷನ್ ಮಾಡಿಸಿದರೆ ಉಳಿದದ್ದೂ ಹೋಗುತ್ತದೆ. ಇನ್ನೊಂದು ಎಚ್ಚರಿಕೆ: 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳನ್ನು ನೆನಪಿಗೆಂದು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆಯ ಪ್ರಕಾರ ದಂಡನೀಯ.

ಹೊಸೂರಿನಿಂದ ನಲವತ್ತು ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿ ಭಾರತದ ಕಾಗದದ ಹಣಕ್ಕೆಂದೇ ಒಂದು ಮ್ಯೂಸಿಯಂ ಇದೆ. ಕಟ್ಟಿದವರು ಉದ್ಯಮಿ ರೆಜ್ವಾನ್ ರಜಾಕ್. ಅವರ ಸಂಗ್ರಹದ ಹುಚ್ಚಿಗೆ ಮೂಲ, ತಾತನ ತಿಜೋರಿಯಲ್ಲಿ ಸಿಕ್ಕ ಒಂದು ಕಟ್ಟು ನೋಟು. ಆ ನೋಟುಗಳ ಹಿನ್ನೆಲೆ ಇದು: ದೇಶ ಇಬ್ಭಾಗವಾದ ಮೇಲೂ ಕೆಲಕಾಲ ಪಾಕಿಸ್ತಾನಕ್ಕೆ ನೋಟು ಒದಗಿಸುತ್ತಿದ್ದದ್ದು ನಮ್ಮ ರಿಸರ್ವ್ ಬ್ಯಾಂಕೇ. 1948ರಲ್ಲಿ ಭಾರತದ ನೋಟುಗಳ ಮೇಲೆಯೇ ಪಾಕಿಸ್ತಾನ ಸರ್ಕಾರದ ಹೆಸರು ಅಚ್ಚಾಗಿತ್ತು. ಅಂಥವು ಅಲ್ಲಿ ಮಾತ್ರ ಚಲಾವಣೆ. ಇಲ್ಲಿ ಕೊಡಲು ಹೋದರೆ ಹಣ ಕೊಡುವುದಿಲ್ಲವೆಂದು ಮುದ್ರೆ ಒತ್ತಿ ವಾಪಸ್ ಕೊಡುತ್ತಿದ್ದರು. ತಾತನ ತಿಜೋರಿಯಲ್ಲಿದ್ದದ್ದು ಹಾಗೆ ಮುದ್ರೆ ಬಿದ್ದ ನೋಟುಗಳೇ. ಅಂದು ನಷ್ಟದ ಬಾಬ್ತು. ಅದು ಹೇಗೆ ಬಂತೆಂದು ಮೊಮ್ಮಗ ಕೆದಕಿದ್ದಕ್ಕೆ ಇಂದು ಅದು ಚರಿತ್ರೆಯ ದಾಖಲೆ.

ನೋಟಿನ ದರ ವ್ಯಾಪಾರಿಗೆ ಗೊತ್ತಿರುತ್ತದೆ. ಕಷ್ಟಕಾಲದಲ್ಲೂ ಅದನ್ನು ಮುರಿಸದೆ ಯಾರು ಇಟ್ಟರು, ಯಾಕೆ ಇಟ್ಟರು ಎಂಬುದು ಗೊತ್ತಿರುವುದು ಮನೆಯ ಹಿರಿಯರಿಗೆ ಮಾತ್ರ. ಮಾರುವುದಾದರೆ ಮಾರಿ, ತಪ್ಪಿಲ್ಲ. ಆದರೆ ಅದಕ್ಕೆ ಮುಂಚೆ ಅಜ್ಜಿಯನ್ನು ಕೇಳಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ವ್ಯಾಪಾರಿ ಮುಂದಿನ ವರ್ಷವೂ ಸಿಗುತ್ತಾನೆ.